ಹೊನ್ನೂರಮ್ಮ ಸಮುದ್ರಕ್ಕೆ ಹೊರಟದ್ದು

ನಮ್ಮ ರಾಮಸಾಗರದ ಹೊನ್ನೂರಮ್ಮನಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಹೊಸಪೇಟೆ ಮುಟ್ಟುವಷ್ಟರಲ್ಲಿ ಎರಡು ಸಲವಾದರೂ ಕಿಟಕಿಯಾಚೆ ತಲೆ ಹಾಕಬೇಕಾಗುತ್ತಿತ್ತು. ನಿಂಬೆಹಣ್ಣು ಮೂಸುತ್ತ ಕೂತರೂ ಅಷ್ಟೇ, ಮುಂದಿನ ಸೀಟು ಸಿಕ್ಕರೂ ಅಷ್ಟೇ. ಡೀಸೆಲ್ ವಾಸನೆ ಮೂಗಿಗೆ ಬಡಿದ ಕೂಡಲೇ ಹೊಟ್ಟೆ ತೊಳಸಿ ಬರುತ್ತಿತ್ತು. ಹೀಗಾಗಿ ಮದುವೆಯಾಗಿ ಬಂದ ಮೇಲೆ ತವರೂರು ಚೋರನೂರನ್ನು ಬಿಟ್ಟರೆ ಆಕೆ ದೂರದ ಊರು ಕಂಡವಳಲ್ಲ. ಗದಗಿನಲ್ಲಿ ಗಂಡನ ಅಕ್ಕನ ಮನೆ ಇತ್ತು. ಅಲ್ಲಿ ಮದುವೆ, ತೊಟ್ಟಿಲು ಏನೇ ಆದರೂ ಮನೆಯವರೆಲ್ಲ ಹೋಗಿಬರುತ್ತಿದ್ದರು. ಹೊನ್ನೂರಮ್ಮ ಎಮ್ಮೆ ಹಿಂಡಿಕೊಂಡು ಊರಲ್ಲೇ ಇರುತ್ತಿದ್ದಳು.

ಅಂಥವಳಿಗೆ ಸಮುದ್ರ ನೋಡುವ ಆಸೆ.

ಆಸೆ ಹುಟ್ಟಿದ್ದು ಮದುವೆಯಾದ ವಾರದಲ್ಲಿ. ಚೋರನೂರು ಸಂಡೂರು ತಾಲೂಕಿನ ಬೆದ್ದಲು ಊರು. ಸಜ್ಜೆ, ಶೇಂಗಾ ಬೆಳೆಯುವ ನೆಲ. ಅಲ್ಲಿ ಹುಟ್ಟಿ ಬೆಳೆದ ಹುಡುಗಿ ಒಟ್ಟಿಗೆ ಕಂಡಿದ್ದ ಹೆಚ್ಚಿನ ನೀರೆಂದರೆ ಊರ ಮುಂದಿನ ಹೊಂಡದ್ದು. ಗಂಡನ ಮನೆಯವರು ಆಕೆಯನ್ನು ಕರೆತರುವಾಗ ಟಿ.ಬಿ. ಡ್ಯಾಂ ತೋರಿಸಲೆಂದು ಲಾರಿ ನಿಲ್ಲಿಸಿದರು. ಮಳೆಗಾಲ ಮುಗಿದಿತ್ತು. ನೀರು ಗುಡ್ಡದ ಬುಡದವರೆಗೆ ನಿಂತಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಇದೇ ಏನು ಸಮುದ್ರ ಎಂದು ಹೊನ್ನೂರಮ್ಮ ಕೇಳಿದಳು. ದಿಬ್ಬಣದವರು ನಕ್ಕರು. ನಗದೇ ಇದ್ದವನು ಮದುಮಗ ಉಚ್ಚೆಂಗಪ್ಪ ಒಬ್ಬನೇ.

"ಇದು ಡ್ಯಾಮು. ಸಮುದ್ರ ಬ್ಯಾರೆ ಐತಂತ, ನಾನೂ ನೋಡಿಲ್ಲ," ಎಂದ ಅವನು. "ಇಬ್ರೂ ಕೂಡೇ ಹೋಗಿ ನೋಡಾನು."

ಹೊಸ ಗಂಡ ಆಡಿದ ಮಾತು. ಆಡಿದವನೂ ಮರೆಯಲಿಲ್ಲ, ಕೇಳಿಸಿಕೊಂಡವಳೂ ಮರೆಯಲಿಲ್ಲ. ಆದರೆ ಹೋಗುವುದು ಹೇಗೆ? ಬಸ್ಸಿನಲ್ಲಿ ಬುಕ್ಕಸಾಗರ ದಾಟಿದರೆ ಸಾಕು, ಆಕೆಯ ಮುಖ ಬಿಳಚಿಕೊಳ್ಳುತ್ತಿತ್ತು.

ವರ್ಷಗಳು ಕಳೆದವು. ಕಾಲುವೆ ನೀರಿಗೆ ವರ್ಷಕ್ಕೆ ಎರಡು ಬೆಳೆ ಭತ್ತ ಬರುತ್ತಿತ್ತು. ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನ ಮನೆಯಾಯಿತು. ಮಗಳು ಮದುವೆಯಾಗಿ ಸಿರುಗುಪ್ಪಕ್ಕೆ ಹೋದಳು. ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ ವಿರುಪಮ್ಮ ಉಳಿದರು. ಎಪ್ಪತ್ತೊಂಬತ್ತರ ಸುಗ್ಗಿ ಮುಗಿದ ಮೇಲೆ ಉಚ್ಚೆಂಗಪ್ಪ ಹೊಸಪೇಟೆಯಿಂದ ಒಂದು ರಾಜದೂತ್ ಮೋಟಾರ್ ಸೈಕಲ್ ತಂದ. ಪೂಜೆ ಮಾಡಿಸಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕಂಪ್ಲಿ ಹೊಳೆಯ ತನಕ ಹೋಗಿಬಂದ. ಹೊನ್ನೂರಮ್ಮ ಇಳಿದವಳೇ ನೇರ ಅಡುಗೆಮನೆಗೆ ಹೋಗಿ ಅತ್ತೆಗೆ ಸುದ್ದಿ ಹೇಳಿದಳು. "ಅತ್ತೀ, ನನಗ ಏನೂ ಆಗಲಿಲ್ಲ. ಹೊಟ್ಟಿ ತಣ್ಣಗೈತಿ."

ಗಾಡಿ ಮನೆಗೆ ಬಂದದ್ದಕ್ಕಿಂತ ಅದು ದೊಡ್ಡ ಸುದ್ದಿಯಾಯಿತು.

ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಆಕೆಗೆ ತಲೆ ತಿರುಗುತ್ತಿರಲಿಲ್ಲ, ಇನ್ನಷ್ಟು ದೂರ ಹೋಗಬೇಕೆನ್ನಿಸುತ್ತಿತ್ತು. ಸ್ವಲ್ಪ ದಿನಕ್ಕೆ ಹಿಂದೆ ಕೂರುವುದು ಸಾಲದಾಯಿತು. ಹೊಲಕ್ಕೆ ಬುತ್ತಿ ಒಯ್ಯಲು ಸೈಕಲ್ ತುಳಿಯುತ್ತಿದ್ದವಳಿಗೆ ಎರಡು ಗಾಲಿಯ ಮೇಲೆ ನಿಲ್ಲುವುದು ಹೊಸದೇನಲ್ಲ, ಕ್ಲಚ್ಚು ಬಿಡುವುದೊಂದೇ ಕಷ್ಟ. ಸಂಜೆ ಹೊತ್ತು ಕಾಲುವೆ ದಂಡೆಯ ಮಣ್ಣುದಾರಿಯಲ್ಲಿ ಉಚ್ಚೆಂಗಪ್ಪ ಪಕ್ಕದಲ್ಲಿ ಪಂಚೆ ಎತ್ತಿಕಟ್ಟಿ ಓಡುತ್ತ ಕಲಿಸಿದ. ದಾರಿಯ ಒಂದು ಬದಿಗೆ ತುಂಬಿ ಹರಿಯುವ ಕಾಲುವೆ, ಇನ್ನೊಂದು ಬದಿಗೆ ನೀರು ನಿಂತ ಗದ್ದೆ. ಸೊಸೆಯನ್ನು ತಡೆಯುತ್ತಾಳೆಂದು ಓಣಿಯವರು ಕಾದಿದ್ದ ವಿರುಪಮ್ಮ ಒಂದೇ ಮಾತು ಹೇಳಿದಳು.

"ಬೀಳಾದಾದ್ರ ಗದ್ದಿ ಕಡೀಗೆ ಬೀಳವ್ವ, ಕಾಲುವಿ ಕಡೀಗೆ ಬ್ಯಾಡ."

ಹೊನ್ನೂರಮ್ಮ ಹಾಗೆಯೇ ಗದ್ದೆಯ ಕಡೆಗೆ ಬಿದ್ದಳು, ಮೈಯೆಲ್ಲ ಕೆಸರಾಗಿ ಎದ್ದಳು, ಮತ್ತೆ ಹತ್ತಿದಳು. ಸೀರೆ ಚೈನಿಗೆ ಸಿಕ್ಕೀತೆಂದು ವಿರುಪಮ್ಮ ತನ್ನಂತೆಯೇ ಕಚ್ಚೆ ಹಾಕಿ ಉಡುವುದನ್ನು ಕಲಿಸಿಕೊಟ್ಟಳು. ಹಳೆಯ ಕಾಲದ ಹೆಂಗಸರು ಕುದುರೆ ಹತ್ತುತ್ತಿದ್ದದ್ದೂ ಹೀಗೆಯೇ ಉಟ್ಟು ಎಂದು ಆಕೆಯ ವಾದ.

ಎಂಬತ್ತಮೂರರಲ್ಲಿ ಮುಂಗಾರಿನ ನಾಟಿ ಮುಗಿದ ಒಂದು ಮಧ್ಯಾಹ್ನ, ಬದುವಿನ ಮೇಲೆ ಊಟ ಮಾಡುತ್ತ ಉಚ್ಚೆಂಗಪ್ಪನೇ ಮಾತು ತೆಗೆದ. ಈ ಸಲ ಭತ್ತ ಕೊಯ್ದು ಒಕ್ಕಣೆ ಮುಗಿದ ಮೇಲೆ, ಎರಡನೇ ಬೆಳೆಯ ಕೆಲಸ ಶುರುವಾಗುವ ಮುಂಚೆ ಬಿಡುವು ಸಿಗುತ್ತದೆ, ಗಾಡಿಯ ಮೇಲೆ ಸಮುದ್ರಕ್ಕೆ ಹೋಗಿಬಿಡೋಣ ಎಂದ. ಹೊನ್ನೂರಮ್ಮನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಎಲ್ಲಿಗೆ, ಯಾವ ದಾರಿ, ಎಷ್ಟು ದೂರ ಎಂದು ಒಂದರ ಹಿಂದೊಂದು ಕೇಳಿದಳು. ಅವನಿಗೆ ಯಾವುದೂ ಗೊತ್ತಿರಲಿಲ್ಲ.

ಗೊತ್ತಿದ್ದವನು ಓಣಿಯ ಕೊನೆಯ ಮನೆಯ ಅಂಜಿನಯ್ಯ. ಅವನು ಸಂಡೂರಿನ ಅದಿರು ಲಾರಿಯ ಡ್ರೈವರ್, ಕಾರವಾರದ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದವನು. ಹೊನ್ನೂರಮ್ಮ ಅವನನ್ನು ಕರೆಸಿ ಚಹಾ ಕೊಟ್ಟು ದಾರಿ ಕೇಳಿದಳು. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು ಅವನು ಸುಣ್ಣದ ಕಡ್ಡಿ ತೆಗೆದುಕೊಂಡು ಜಗಲಿಯ ಕಲ್ಲಿನ ಮೇಲೆ ಗೆರೆ ಎಳೆಯತೊಡಗಿದ. ಹೊಸಪೇಟೆ, ಕೊಪ್ಪಳ, ಗದಗು, ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರದ ಅಡವಿ. ಆಮೇಲೆ ಅರಬೈಲು ಘಟ್ಟ. ಅದನ್ನು ಬರೆಯುವಾಗ ಅವನ ಕೈ ಹಾವಿನಂತೆ ಹರಿದಾಡಿ ಜಗಲಿಯ ತುದಿಗೆ ಬಂತು. ಘಟ್ಟ ಇಳಿದರೆ ಅಂಕೋಲಾ, ಅಲ್ಲೇ ಸಮುದ್ರ ಎಂದು ಅವನು ತೋರಿಸಿದ್ದು ಜಗಲಿಯಿಂದ ಕೆಳಗೆ, ಎಮ್ಮೆ ಕಟ್ಟುವ ಗೂಟದ ಹತ್ತಿರ.

ಘಟ್ಟದ ವಿಷಯದಲ್ಲಿ ಮಾತ್ರ ಅವನು ಗಂಭೀರನಾದ. "ಇಳಿಜಾರಿನಾಗ ಗಾಡಿ ನ್ಯೂಟ್ರಲ್ ಮಾಡಬ್ಯಾಡ್ರಿ. ಎರಡನೇ ಗೇರಿನಾಗ ಹಾಕಿ, ಬ್ರೇಕು ಒಂದ ಸಮ ತುಳೀಬ್ಯಾಡ್ರಿ, ಬಿಟ್ಟು ಬಿಟ್ಟು ತುಳೀರಿ. ಲಾರಿ ಎದುರು ಬಂದ್ರ ನಿಂತ ಬಿಡ್ರಿ, ನಮ್ಮವ್ರು ನೋಡಿ ಹೋಗ್ತಾರ."

ಆ ಸುಣ್ಣದ ದಾರಿಯನ್ನು ತೊಳೆಯಲು ವಿರುಪಮ್ಮ ಬಿಡಲಿಲ್ಲ. ಅಮಾವಾಸ್ಯೆಗೆ ಮನೆಯೆಲ್ಲ ಸಾರಿಸಿದರೂ ಜಗಲಿಯನ್ನು ಹಾಗೆಯೇ ಬಿಟ್ಟರು. ಬಂದವರು ಹೋದವರು ಅದನ್ನು ನೋಡಿ, ಬೆರಳಿಟ್ಟು, ತಮಗೆ ತೋಚಿದ್ದನ್ನು ಹೇಳಿ ಹೋಗುತ್ತಿದ್ದರು. ಹೊನ್ನೂರಮ್ಮ ಬೆಳಿಗ್ಗೆ ನೀರಿನ ಕೊಡ ಹೊತ್ತು ಬರುವಾಗ ಹುಬ್ಬಳ್ಳಿಯನ್ನು ತುಳಿಯದಂತೆ ಕಾಲು ಎತ್ತಿಡುತ್ತಿದ್ದಳು.

ಅಷ್ಟು ದೂರ ಒಬ್ಬನೇ ಓಡಿಸಿದರೆ ಉಚ್ಚೆಂಗಪ್ಪನ ಕೈ ಸೋಲುತ್ತದೆ, ನಾನೂ ಲೈಸೆನ್ಸು ಮಾಡಿಸುತ್ತೇನೆ ಎಂದು ಆಕೆ ಹಟ ಹಿಡಿದಳು. ಪರೀಕ್ಷೆಗೆ ಕರೆದದ್ದು ದೀಪಾವಳಿ ಮುಗಿದ ಮೇಲೆ. ಹೊಸಪೇಟೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎಂಟರ ಅಂಕೆ ಬರೆದಿದ್ದರು. ಇನ್‌ಸ್ಪೆಕ್ಟರು ಉಚ್ಚೆಂಗಪ್ಪನನ್ನು ನೋಡಿ ಗಾಡಿ ತರಲು ಹೇಳಿದರು. ತನ್ನದು ಆಗಿದೆ, ಇವರದು ಆಗಬೇಕು ಎಂದು ಅವನು ಹೆಂಡತಿಯ ಕಡೆ ತೋರಿಸಿದ. ಸಾಲಿನಲ್ಲಿ ನಿಂತಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಕಚ್ಚೆ ಬಿಗಿದು, ತಲೆಗೆ ಟವೆಲ್ ಕಟ್ಟಿಕೊಂಡು ಬಂದಿದ್ದ ಹೊನ್ನೂರಮ್ಮ ಗಾಡಿ ಹತ್ತಿದಳು. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಮೊದಲ ಸಲ ಆಕೆ ಹಾಕಿದ ಎಂಟು ಸುಣ್ಣದ ಗೆರೆ ದಾಟಿ ಹೊರಗೆ ಹೋಯಿತು. ಕಾಲು ಮಾತ್ರ ನೆಲಕ್ಕೆ ತಾಗಲಿಲ್ಲ. ಇನ್ನೂ ಚಿಕ್ಕದಾಗಿ ಹಾಕಿರಿ ಎಂದರು. ಈ ಸಲ ಗೆರೆಯ ಮೇಲೆಯೇ, ದಾರದಲ್ಲಿ ಕಟ್ಟಿ ಎಳೆದಂತೆ ಸುತ್ತಿ ಬಂದು ಅವರ ಮುಂದೆ ನಿಲ್ಲಿಸಿದಳು. ಸಾಲಿನಲ್ಲಿ ಯಾರೋ ಸೀಟಿ ಹೊಡೆದರು.

ಮನೆ ಹೆಣ್ಣುಮಗಳು, ಇಷ್ಟೆಲ್ಲ ಯಾಕೆ ಬೇಕಾಯಿತು ಎಂದು ಇನ್‌ಸ್ಪೆಕ್ಟರು ಕೇಳಿದರು.

"ಸಮುದ್ರ ನೋಡಾಕ ಹೋಗಬೇಕ್ರಿ," ಎಂದಳು ಹೊನ್ನೂರಮ್ಮ.

ಅವರು ನಕ್ಕು ಸಹಿ ಮಾಡಿದರು.

ಗಂಡ ಹೆಂಡತಿ ನಡುವೆ ಒಪ್ಪಂದವೂ ಆಯಿತು. ಜನ ಇರುವ ಊರುಗಳಲ್ಲಿ ಅವನು ಓಡಿಸುವುದು, ಅಡವಿಯ ದಾರಿಯಲ್ಲಿ ಆಕೆ ಓಡಿಸುವುದು. ಆಕೆಗೂ ಅದೇ ಸಾಕೆನಿಸಿತ್ತು.

ಕೊಯ್ಲು ಮುಗಿಯುತ್ತಿದ್ದಂತೆ ತಯಾರಿ ಜೋರಾಯಿತು. ಕಂಪ್ಲಿಯ ಮೆಕ್ಯಾನಿಕ್ ಮೂಕಣ್ಣ, ಹೆಸರಿಗೆ ಮಾತ್ರ ಮೂಕಣ್ಣ, ದಿನವಿಡೀ ಮಾತಾಡುತ್ತ ಎಂಜಿನ್ ಬಿಚ್ಚಿ ಹೊಸ ರಿಂಗು ಹಾಕಿದ. ಹೊಸ ಚೈನು, ಹಿಂದಕ್ಕೆ ಹೊಸ ಟಯರು. ಗಾಡಿ ಒಪ್ಪಿಸುವ ಮುಂಚೆ ಹೊನ್ನೂರಮ್ಮನನ್ನು ಅಂಗಡಿಯ ಮುಂದೆ ಕೂರಿಸಿ, ತಾನು ಕೈಕಟ್ಟಿ ಸ್ಟೂಲಿನ ಮೇಲೆ ಕೂತು, ಹಿಂದಿನ ಗಾಲಿ ಬಿಚ್ಚಿ ಪಂಕ್ಚರ್ ಹಾಕಿರಿ ಎಂದ. ಗಾಡಿ ಅಡವಿಯಲ್ಲಿ ನಿಂತರೆ ಮೂಕಣ್ಣ ಓಡಿಬರುವುದಿಲ್ಲ, ಈಗಲೇ ಕೈ ಕೊಳೆ ಮಾಡಿಕೊಳ್ಳಿ ಎಂದು ಹೇಳಿದ. ಆಕೆ ಟ್ಯೂಬು ಹೊರಗೆಳೆದಳು, ನೀರಿನ ಬಕೀಟಿನಲ್ಲಿ ಅದ್ದಿ ಗುಳ್ಳೆ ಹುಡುಕಿದಳು, ಉಜ್ಜಿ ಅಂಟಿಸಿದಳು. ಪ್ಲಗ್ಗು ಬಿಚ್ಚಿ ಮಸಿ ಕೆರೆದು ಮತ್ತೆ ಹಾಕುವುದನ್ನೂ ಕಲಿತಳು. ಮನೆಗೆ ಬಂದ ಮೇಲೂ ಬೆರಳಿಂದ ಗ್ರೀಸಿನ ವಾಸನೆ ಹೋಗಲಿಲ್ಲ. ಅದೇನೂ ಆಕೆಗೆ ಬೇಸರ ತರಲಿಲ್ಲ. ಸಾರು ಕುದಿಯುವಾಗ ನಡುನಡುವೆ ಕೈ ಮೂಸಿ ನೋಡಿಕೊಳ್ಳುತ್ತಿದ್ದಳಂತೆ.

ಸಾಮಾನು ಹೇರುವುದಕ್ಕೆ ಚೀಲ ಬೇಕಿತ್ತು. ಚೋರನೂರಿನಲ್ಲಿ ಆಕೆಯ ಅಪ್ಪ ಎತ್ತಿನ ಬೆನ್ನಿಗೆ ಎರಡು ಬದಿಗೂ ಇಳಿಬೀಳುವ ಹಸಿಬೆ ಚೀಲ ಹಾಕುತ್ತಿದ್ದದ್ದು ನೆನಪಾಯಿತು. ಲಾರಿಗೆ ಹೊದಿಸುವ ಹಳೆಯ ತಾಡಪತ್ರಿಯ ತುಂಡು ಅಂಜಿನಯ್ಯ ಕೊಟ್ಟ. ದಬ್ಬಣ ಹಿಡಿದು ಕೂತು ಹೊನ್ನೂರಮ್ಮ ಅಂಥದೇ ಹಸಿಬೆ ಹೊಲಿದಳು. ಸೀಟಿನ ಹಿಂದೆ ಹಾಕಿ ನೋಡಿದರೆ ಸೈಲೆನ್ಸರಿಗೆ ತಾಗುತ್ತಿತ್ತು. ಬಿಚ್ಚಿ ಮೊಳಕೈಯುದ್ದ ಕಡಿಮೆ ಮಾಡಿ ಮತ್ತೆ ಹೊಲಿದಳು.

ಹಸಿಬೆ ಚಿಕ್ಕದಾಯಿತು, ಸಾಮಾನು ಚಿಕ್ಕದಾಗಲಿಲ್ಲ. ವಿರುಪಮ್ಮ ಸಜ್ಜೆಯ ಕಡಕ್ ರೊಟ್ಟಿ ಬಡಿದು ಎತ್ತರಕ್ಕೆ ಒಟ್ಟಿದಳು. ಗುರೆಳ್ಳು ಪುಡಿ, ಶೇಂಗಾ ಪುಡಿ, ಕೆಂಪು ಖಾರ, ಬೆಲ್ಲ ಹಾಕಿದ ಮಾದಲಿ. ಗೊತ್ತಿಲ್ಲದ ಊರಲ್ಲಿ ಯಾರಾದರೂ ಮನೆಗೆ ಕರೆದರೆ ಬರಿಗೈಲಿ ಹೋಗಬಾರದೆಂದು ಉಚ್ಚೆಂಗಪ್ಪ ಅರ್ಧ ಚೀಲ ಹೊಸ ಅಕ್ಕಿ ಕಟ್ಟಿದ. ಕೌದಿ, ಕಂದೀಲು, ಸೀಮೆಎಣ್ಣೆಯ ಸ್ಟೌವು, ಹಗ್ಗ. ಕಜ್ಜಿಗೆ ಒಳ್ಳೆಯದಂತೆ, ಸಮುದ್ರದ ನೀರು ತಂದುಕೊಡಿ ಎಂದು ಎದುರು ಮನೆಯ ಉಚ್ಚೆಂಗಮ್ಮ ಒಂದು ಖಾಲಿ ಕ್ಯಾನು ತಂದಿಟ್ಟಳು. ಯಾರಿಗೂ ಇಲ್ಲ ಎನ್ನಲು ಉಚ್ಚೆಂಗಪ್ಪನಿಗೆ ಬರುತ್ತಿರಲಿಲ್ಲ. ಎಲ್ಲವನ್ನೂ ಹೇರಿದ ಮೇಲೆ ಗಾಡಿ ಸಂತೆಯಿಂದ ಬಂದ ಎತ್ತಿನಂತೆ ಕಂಡಿತು.

ತುಂಬಿದ ಗಾಡಿ ಹೇಗೆ ಓಡುತ್ತದೆಂದು ನೋಡಲು ಇಬ್ಬರೂ ಒಂದು ಬೆಳಿಗ್ಗೆ ದರೋಜಿಗೆ ಹೊರಟರು. ಉಚ್ಚೆಂಗಪ್ಪ ಓಡಿಸುತ್ತಿದ್ದ. ಹೋಗುವಾಗ ಎಲ್ಲ ಸರಿಯಿತ್ತು. ವಾಪಸು ಬರುವಾಗ ದರೋಜಿ ಕೆರೆಯ ಹತ್ತಿರದ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಅವನು ಬ್ರೇಕು ಹಾಕಿದ್ದೇ ತಡ, ಅಕ್ಕಿ ಚೀಲ ಒಂದು ಬದಿಗೆ ಜಾರಿ ಗಾಡಿಯನ್ನು ಎಳೆದುಕೊಂಡು ಮಗುಚಿತು. ಹೊನ್ನೂರಮ್ಮನ ಮೊಣಕಾಲು ತರಚಿತಷ್ಟೇ. ಉಚ್ಚೆಂಗಪ್ಪ ಬಲಗೈ ಊರಿ ಬಿದ್ದಿದ್ದ. ಮಣಿಕಟ್ಟು ನೋಡನೋಡುತ್ತ ಬಾತುಕೊಂಡಿತು. ಕರಡಿ ಅಡ್ಡ ಬಂದು ಬೀಳಿಸಿತೆಂದು ಆಮೇಲೆ ಊರಲ್ಲಿ ಸುದ್ದಿಯಾಯಿತು, ನಿಜಕ್ಕೂ ಅವು ಕುರಿಗಳು.

ಹೊನ್ನೂರಮ್ಮ ಸಾಮಾನನ್ನೆಲ್ಲ ದಾರಿಬದಿಯ ಚಹಾದಂಗಡಿಯಲ್ಲಿ ಇಳಿಸಿದಳು. ಟವೆಲ್ಲಿನಿಂದ ಗಂಡನ ಕೈಯನ್ನು ಕೊರಳಿಗೆ ಕಟ್ಟಿದಳು. ಅವನನ್ನು ಹಿಂದೆ ಕೂರಿಸಿಕೊಂಡು ಕಂಪ್ಲಿಯ ಆಸ್ಪತ್ರೆಗೆ ಬಂದಳು. ಎಲುಬು ಸೀಳಿದೆ ಎಂದು ಮುಂಗೈಗೆ ಪ್ಲಾಸ್ಟರಿನ ಪಟ್ಟು ಹಾಕಿದರು.

ಆ ಸಂಜೆ ಮನೆ ಮಂಕಾಗಿತ್ತು. ಮುಂದಿನ ವರ್ಷ ನೋಡೋಣ, ಈ ಸಲ ಬೇಡ ಎಂದ ಉಚ್ಚೆಂಗಪ್ಪ. ಆಗಲಿ ಎಂದಳು ಹೊನ್ನೂರಮ್ಮ. ಚಹಾದಂಗಡಿಯಿಂದ ತರಿಸಿದ ಸಾಮಾನು ಒಂದೊಂದಾಗಿ ಅದರದರ ಜಾಗಕ್ಕೆ ಇಟ್ಟಳು. ಹಸಿಬೆಯನ್ನು ಮಡಿಸಿ ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಪಡಸಾಲೆಯಲ್ಲಿ ನಿಂತಳು. ಇಷ್ಟು ವರ್ಷ ಕಾದದ್ದು ಆಕೆಗೆ ಭಾರವೆನಿಸಿರಲಿಲ್ಲ. ಈ ಒಂದು ವರ್ಷ ಭಾರವೆನಿಸಿತು. ತಾನೇ ಓಡಿಸುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ಗಂಡಸು ಹೆಂಡತಿಯ ಬೆನ್ನ ಹಿಂದೆ ಕೂತು ಊರು ದಾಟುವುದೆಂದರೆ ಏನೆಂದು ಆಕೆಗೆ ಗೊತ್ತಿತ್ತು. ಘಟ್ಟದ ಹೆದರಿಕೆಯೂ ಇತ್ತು.

ಊಟಕ್ಕೆ ಕೂತಾಗ ವಿರುಪಮ್ಮ ಕೇಳಿದಳು. "ದರೋಜಿಯಿಂದ ಇವನ್ನ ಕರಕೊಂಡು ಬಂದಾಕಿ ಯಾರು?"

ಆಕೆಯೇ ಸೊಸೆಯ ಕಡೆ ತಿರುಗಿದಳು.

"ಕೈ ಮುರಕೊಂಡಾಂವ ಅವ. ನಿನ್ನ ಕೈಗೆ ಏನಾಗೇತಿ? ಮಾಡಿದ ರೊಟ್ಟಿ ನಾನೊಬ್ಬಾಕಿ ಎಷ್ಟ ದಿನ ತಿನ್ನಲಿ?"

ಎಡಗೈಯಿಂದ ಚಮಚದಲ್ಲಿ ಅನ್ನ ಕೆದಕುತ್ತಿದ್ದ ಉಚ್ಚೆಂಗಪ್ಪ ಚಮಚ ಕೆಳಗಿಟ್ಟ. ಆಮೇಲೆ ಹೆಂಡತಿಯನ್ನು ಕೇಳಿದ, ಘಟ್ಟ ಇಳಿಸುತ್ತೀಯಾ? ಅಂಜಿನಯ್ಯ ಹೇಳಿದಂತೆ ಇಳಿಸುತ್ತೇನೆ ಎಂದಳು ಆಕೆ. ಅವನು ಒಂದು ಷರತ್ತು ಹಾಕಿದ: ಹೊಸಪೇಟೆಯಾಚೆ ಮುನಿರಾಬಾದಿನ ತನಕ ತಾನು ಬಸ್ಸಿನಲ್ಲಿ ಬರುತ್ತೇನೆ, ಗುರುತಿನ ಜನ ಕಡಿಮೆಯಾದ ಮೇಲೆ ಹಿಂದೆ ಹತ್ತುತ್ತೇನೆ. ಹೊನ್ನೂರಮ್ಮ ಎರಡು ಮಾತಾಡದೆ ಒಪ್ಪಿದಳು. ಮಡಿಸಿಟ್ಟ ಹಸಿಬೆ ಮತ್ತೆ ಹೊರಗೆ ಬಂತು.

ಮರುದಿನದಿಂದ ಆಕೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಿಂದೆ ಜನರನ್ನು ಕೂರಿಸಿ ಓಡಿಸುವ ರೂಢಿಯಾಗಬೇಕಿತ್ತು. ಯಾರು ಬರುತ್ತೀರೆಂದು ಕೇಳಿದರೆ ಓಣಿಯಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ವಿರುಪಮ್ಮ ಕೈ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ತನ್ನನ್ನು ಹಂಪಿಗೆ ಕರೆದುಕೊಂಡು ಹೋಗು ಎಂದಳು. ಅರವತ್ತು ದಾಟಿದ ಹೆಂಗಸು ಗಂಡಸರಂತೆ ಎರಡೂ ಕಡೆ ಕಾಲು ಹಾಕಿ ಕೂತು ಸೊಸೆಯ ನಡು ಹಿಡಿದುಕೊಂಡಳು. ಬುಕ್ಕಸಾಗರ ದಾಟಿ, ಬಾಳೆತೋಟಗಳ ನಡುವೆ, ಕಲ್ಲುಬಂಡೆಗಳ ನಡುವೆ ಗಾಡಿ ಹೋಯಿತು. ಹೆದರಿಕೆಯಾಗುತ್ತದೆಯೇ ಎಂದು ಹೊನ್ನೂರಮ್ಮ ಕೂಗಿ ಕೇಳಿದಳು. ಇನ್ನೂ ಜಲ್ದಿ ಹೋಗು ಎಂದು ಹಿಂದಿನಿಂದ ಉತ್ತರ ಬಂತು. ವಿರೂಪಾಕ್ಷನ ಗುಡಿಯಲ್ಲಿ ಕಾಯಿ ಒಡೆಸಿ ಗಾಡಿಗೆ ಕುಂಕುಮ ಹಚ್ಚಿದರು. ಹಂಪಿ ಬಜಾರಿನಲ್ಲಿ ಪರದೇಶದ ಬೆಳ್ಳಗಿನ ಜನರಿಗೆ ಮಾರುತ್ತಿದ್ದ ಕಪ್ಪು ಕೂಲಿಂಗ್ ಗ್ಲಾಸನ್ನು ವಿರುಪಮ್ಮನೇ ಆರಿಸಿ ಸೊಸೆಗೆ ಕೊಡಿಸಿದಳು, ಕಣ್ಣಿಗೆ ಹುಳ ಬಡಿಯುತ್ತವೆಂದು.

ಈ ಸಲ ಸಾಮಾನು ಕಟ್ಟಿದವಳು ಹೊನ್ನೂರಮ್ಮ ಒಬ್ಬಳೇ. ಗಂಡನನ್ನು ಹತ್ತಿರಕ್ಕೂ ಬಿಡಲಿಲ್ಲ. ಅಕ್ಕಿ ಚೀಲ ಮನೆಯಲ್ಲೇ ಉಳಿಯಿತು. ಕಂದೀಲು, ಸ್ಟೌವು, ಉಚ್ಚೆಂಗಮ್ಮನ ಕ್ಯಾನು ಎಲ್ಲ ಉಳಿದವು. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಎರಡು ಪಾಲು ಮಾಡಿ ಹಸಿಬೆಯ ಎರಡು ಬದಿಗೂ ಇಟ್ಟಳು, ತೂಕ ಸಮ ಇರಲೆಂದು. ಬದಲಿ ಟ್ಯೂಬು, ಪ್ಲಗ್ಗು, ಕ್ಲಚ್ ವೈರು, ಪೆಟ್ರೋಲಿಗೆ ಬೆರೆಸುವ ಆಯಿಲ್ ಡಬ್ಬಿ ಕೆಳಗೆ, ಬಟ್ಟೆ ಮೇಲೆ. ಕೌದಿಯನ್ನು ಬಿಡಲು ಮನಸ್ಸಾಗದೆ ಮಡಿಸಿ ಹಿಂದಿನ ಸೀಟಿನ ಮೇಲೆ ಹಾಸಿದಳು. ಕೈಗೆ ಪಟ್ಟು ಹಾಕಿಸಿಕೊಂಡವನು ಮೆತ್ತಗೆ ಕೂರಲಿ. ಗಾಡಿಯನ್ನು ಅಲುಗಿಸಿ ನೋಡಿದಳು, ಏನೂ ಜಾರಲಿಲ್ಲ. ಮತ್ತೊಮ್ಮೆ ಬಿಚ್ಚಿ, ಮತ್ತೊಮ್ಮೆ ಕಟ್ಟಿದಳು. ಬಿಚ್ಚುವ ಕಾರಣವೇನೂ ಇರಲಿಲ್ಲ, ಕಟ್ಟುವುದೇ ಒಂದು ಖುಷಿಯಾಗಿತ್ತು.

ಹೊರಡುವ ದಿನ ಬೆಳಕು ಹರಿಯುವಷ್ಟರಲ್ಲಿ ಅರ್ಧ ಊರು ಬಸ್ ನಿಲ್ಲುವ ಕಟ್ಟೆಯ ಹತ್ತಿರ ನೆರೆದಿತ್ತು. ಉಚ್ಚೆಂಗಪ್ಪ ಬಿಳಿ ಅಂಗಿ ತೊಟ್ಟು, ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಸ್ಸಿಗೆ ಕಾಯುತ್ತಿದ್ದ. ಹೊನ್ನೂರಮ್ಮ ಅವನ ಹಳೆಯ ಕೋಟು ಹಾಕಿ, ಟವೆಲ್ ಕಟ್ಟಿ, ಕೂಲಿಂಗ್ ಗ್ಲಾಸ್ ಏರಿಸಿ ಗಾಡಿಯ ಪಕ್ಕದಲ್ಲಿ ನಿಂತಿದ್ದಳು. ಮೂಕಣ್ಣ ಕಂಪ್ಲಿಯಿಂದ ಸೈಕಲ್ ತುಳಿದುಕೊಂಡು ಬಂದು ಟಯರಿನ ಗಾಳಿ ಒತ್ತಿ ನೋಡಿದ. ಬಸ್ಸು ಬಂತು, ನಿಂತಿತು. ಕಂಡಕ್ಟರು ಬಾಗಿಲು ತೆರೆದು ಹತ್ತಿರಿ ಎಂದ.

ಉಚ್ಚೆಂಗಪ್ಪ ಬಸ್ಸನ್ನು ನೋಡಿದ, ಗಾಡಿಯನ್ನು ನೋಡಿದ. ಹೆಂಡತಿಯ ಕೈ ಆಗಲೇ ಹ್ಯಾಂಡಲಿನ ಮೇಲಿತ್ತು. ಆಕೆ ಇವನ ಕಡೆ ನೋಡುತ್ತಿರಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದಳು. ಅವನು ಕಂಡಕ್ಟರಿಗೆ ಹೋಗಿ ಎಂದು ಕೈಸನ್ನೆ ಮಾಡಿದ. ನಡೆದು ಬಂದು ಕೌದಿಯ ಮೇಲೆ ಕಾಲು ಹಾಕಿ ಕೂತ.

"ಇಬ್ರೂ ಕೂಡೇ ಅಂತ ಹೇಳಿದ್ದೆ," ಎಂದ. "ನಡಿ."

ಯಾರೂ ನಗಲಿಲ್ಲವೆಂದಲ್ಲ. ಕೆಲವರು ನಕ್ಕರು. ಆದರೆ ಗಾಡಿ ಎದ್ದು ಹೊರಟಾಗ ನಕ್ಕವರೂ ರಸ್ತೆಯ ಮಧ್ಯಕ್ಕೆ ಬಂದು, ಕಾಣದಾಗುವ ತನಕ ನಿಂತು ನೋಡಿದರು.

ಹೊಸಪೇಟೆಯಲ್ಲಿ ಪೆಟ್ರೋಲ್ ತುಂಬಿಸಿದರು. ಕೊಪ್ಪಳ ದಾಟಿದ ಮೇಲೆ ಎರಡೂ ಬದಿಗೆ ಕರಿಮಣ್ಣಿನ ಹೊಲಗಳಲ್ಲಿ ಬಿಳಿಜೋಳ ಎದೆಯೆತ್ತರ ಬೆಳೆದಿತ್ತು, ರಸ್ತೆ ನೇರವಾಗಿತ್ತು. ಗಾಳಿಯಲ್ಲಿ ಉಚ್ಚೆಂಗಪ್ಪ ಏನೋ ಹಾಡು ಗುನುಗುತ್ತಿದ್ದದ್ದು ಆಕೆಯ ಬೆನ್ನಿಗೆ ಕೇಳಿಸುತ್ತಿತ್ತು. ಗದಗಿನಲ್ಲಿ ಗಂಡನ ಅಕ್ಕ ಜಂಬಮ್ಮ ಬಾಗಿಲು ತೆರೆದವಳು ಗುರುತೇ ಹಿಡಿಯಲಿಲ್ಲ. ಹೊನ್ನೂರಮ್ಮ ಕೂಲಿಂಗ್ ಗ್ಲಾಸ್ ತೆಗೆದ ಮೇಲೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಮ್ಮ ಮನೆಗೆ ಬಾ ಅಂತ ಇಷ್ಟು ವರ್ಷ ಕರೆದೆ, ಬರುವಾಗ ಹೀಗೆ ಬಂದೆಯಾ ಎಂದು ತಬ್ಬಿಕೊಂಡಳು. ಊಟ ಮಾಡಿಸದೆ ಬಿಡಲಿಲ್ಲ.

ಆ ದಿನ ಹುಬ್ಬಳ್ಳಿಯಲ್ಲಿ ತಂಗಿ, ಮರುದಿನ ಯಲ್ಲಾಪುರದ ಕಡೆ ಹೊರಟರು. ಕಾಡು ಶುರುವಾಗುತ್ತಿದ್ದಂತೆ ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಸುತ್ತ ಒಂದು ನರಪಿಳ್ಳೆ ಇಲ್ಲ. ಉಚ್ಚೆಂಗಪ್ಪ ಗಾಬರಿಯಾಗಿ ಲಾರಿ ಯಾವುದಾದರೂ ಬರುತ್ತದೇನೋ ಎಂದು ನೋಡತೊಡಗಿದ. ಹೊನ್ನೂರಮ್ಮ ಕೋಟು ಕಳಚಿ ಪ್ಲಗ್ಗು ಬಿಚ್ಚಿದಳು. ಮಸಿ ಕಟ್ಟಿತ್ತು. ಅವನು ಎಡಗೈಯಲ್ಲಿ ಪ್ಲಗ್ಗು ಬಿಗಿಯುವ ಪಾನಾ ಹಿಡಿದು ನಿಂತ, ಆಕೆ ಮರಳುಕಾಗದದಿಂದ ಉಜ್ಜಿ, ಊದಿ, ತಿರುಗಿಸಿ ಬಿಗಿದಳು. ಮೂರನೇ ಕಿಕ್ಕಿಗೆ ಗಾಡಿ ಎದ್ದಾಗ ಆಕೆ ಅಡವಿಗೆ ಕೇಳುವಂತೆ ನಕ್ಕಳು. ಅಷ್ಟು ಜೋರಾಗಿ ನಕ್ಕದ್ದನ್ನು ತಾನು ಕೇಳಿರಲಿಲ್ಲವೆಂದು ಉಚ್ಚೆಂಗಪ್ಪ ಆಮೇಲೆ ಊರಲ್ಲಿ ಹೇಳಿದ.

ಅರಬೈಲು ಘಟ್ಟದ ತುದಿಯಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ನೀರು ಕುಡಿದರು. ಕೆಳಗೆ ರಸ್ತೆ ಮರಗಳೊಳಗೆ ಮುಳುಗಿ ಮುಳುಗಿ ಹೋಗುತ್ತಿತ್ತು. ಎರಡನೇ ಗೇರು. ಬ್ರೇಕು ಬಿಟ್ಟು ಬಿಟ್ಟು. ತಿರುವಿನಲ್ಲಿ ಅದಿರು ಲಾರಿ ಎದುರಾದಾಗ ಹೊನ್ನೂರಮ್ಮ ಅಂಚಿಗೆ ನಿಂತುಬಿಟ್ಟಳು. ಡ್ರೈವರು ಹಾದುಹೋಗುವಾಗ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿ ಹಾರ್ನ್ ಬಾರಿಸಿ ಹೋದ. ಹಿಂದಿನಿಂದ ಗಂಡನ ಎಡಗೈ ಕೋಟನ್ನು ಬಿಗಿಯಾಗಿ ಹಿಡಿದಿತ್ತು, ಆದರೆ ಅವನು ಒಮ್ಮೆಯೂ ನಿಧಾನ ಎನ್ನಲಿಲ್ಲ. ಘಟ್ಟ ಮುಗಿದಾಗ ಇಬ್ಬರಿಗೂ ಬೆವರು. ಗಾಳಿಯೂ ಬೇರೆಯಾಗಿತ್ತು, ಜಿಗುಟಾಗಿ, ಮೀನಿನ ವಾಸನೆ ಬೆರೆತು.

ಅಂಕೋಲಾದಲ್ಲಿ ದಾರಿ ಕೇಳುತ್ತ ಹೋಗಿ, ಮರಳು ಶುರುವಾದ ಕಡೆ ಗಾಡಿ ಸ್ಟ್ಯಾಂಡ್ ಹಾಕಿದರು. ಮೊದಲು ಕೇಳಿಸಿದ್ದು ಸದ್ದು. ಗಾಳಿಮರಗಳ ಸಾಲು ದಾಟಿದ ಮೇಲೆ ಕಂಡಿತು. ಹೊನ್ನೂರಮ್ಮ ಚಪ್ಪಲಿ ಬಿಟ್ಟು ಓಡಿದಳು. ಕಚ್ಚೆಯ ಸೀರೆಯಾದ್ದರಿಂದ ಓಡಲು ಅಡ್ಡಿಯಿರಲಿಲ್ಲ. ಮೊದಲ ತೆರೆ ಮೊಣಕಾಲಿಗೆ ಬಡಿದು ಆಕೆಯನ್ನು ಕೂರಿಸಿಬಿಟ್ಟಿತು. ಎದ್ದು, ಬಾಯಿಗೆ ಬಂದ ಉಪ್ಪು ಉಗುಳಿ, ಗಂಡನನ್ನು ಕೈ ಬೀಸಿ ಕರೆದಳು. ಅವನು ಪಟ್ಟಿನ ಕೈಯನ್ನು ತಲೆಯ ಮೇಲೆತ್ತಿ ಹಿಡಿದು, ಪಂಚೆ ನೆನೆಯುವುದನ್ನೂ ನೋಡದೆ ನೀರಿಗಿಳಿದ. ಕೈ ಹಿಡಿದುಕೊಂಡು ಇಬ್ಬರೂ ತೆರೆಯ ನಡುವೆ ನಿಂತರು. ದೋಣಿ ಎಳೆಯುತ್ತಿದ್ದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಮರಳಿನ ಮೇಲೆ ಕೂತು ರೊಟ್ಟಿ ತಿನ್ನುವಾಗ, ಬುಟ್ಟಿ ಹೊತ್ತ ಮೀನಿನ ಹೆಂಗಸೊಬ್ಬಳು ಬಂದು ಗಾಡಿ ಯಾರದು, ಯಾರು ಓಡಿಸಿದ್ದು ಎಂದು ಕೇಳಿದಳು. ಉಚ್ಚೆಂಗಪ್ಪ ಗಂಟಲು ಸರಿಮಾಡಿಕೊಂಡು, ನಮ್ಮ ಮನೆಯಾಕೆ ಎಂದ. ಆ ಹೆಂಗಸು ಹೊನ್ನೂರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೇಳಿ ಪಡೆದ ಒಂದು ರೊಟ್ಟಿಯನ್ನು ಅಗಿಯುತ್ತ ಅಲ್ಲೇ ಕೂತಳು. ಹೊನ್ನೂರಮ್ಮ ತೆಂಕಣಕ್ಕೆ ಹೋಗುವ ರಸ್ತೆಯನ್ನು ತೋರಿಸಿ ಅದು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದಳು. ಕುಮಟಾ, ಹೊನ್ನಾವರ, ಇನ್ನೂ ಕೆಳಗೆ, ಎಲ್ಲ ಸಮುದ್ರದ ಹತ್ತಿರ ಹತ್ತಿರವೇ ಹೋಗುತ್ತದೆ ಎಂದಳು ಆಕೆ.

ಹೊನ್ನೂರಮ್ಮ ಗಂಡನ ಮುಖ ನೋಡಿದಳು. ಮನೆಯಲ್ಲಿ ಅವ್ವ ಕಾಯುತ್ತಾಳೆ, ಸಸಿಮಡಿ ಹಾಕಬೇಕು ಎಂದು ಅವನು ಶುರುಮಾಡಿದ. ಮಾತು ಪೂರ್ತಿ ಮಾಡಲಿಲ್ಲ. ಎದ್ದು ಕೌದಿಯ ಮರಳು ಕೊಡವಿ ಹಿಂದಿನ ಸೀಟಿನ ಮೇಲೆ ಹಾಸಿದ. ಆಕೆ ಕೂಲಿಂಗ್ ಗ್ಲಾಸಿನ ಮೇಲೆ ಒಣಗಿದ ಉಪ್ಪನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಗಾಡಿಯನ್ನು ತೆಂಕಣದ ಕಡೆ ತಿರುಗಿಸಿ ಕಿಕ್ ಹೊಡೆದಳು.